ಮೂವತ್ತಮೂರರ ವಯಸ್ಸಿನಲ್ಲಿ ಮಕ್ಕಳ ಜೊತೆ ಪಾಠಕ್ಕೆ ಕುಳಿತವರು: ಲ್ಯಾಟಿನ್ ಕಲಿಯಲು ಹೊರಟ ಸಂತ ಇಗ್ನೇಷಿಯಸ್ ಲೊಯೋಲಾ

ಪ್ರತಿ ವರ್ಷ ಜುಲೈ 31ರಂದು ಧರ್ಮಸಭೆಯು ಸಂತ ಇಗ್ನೇಷಿಯಸ್ ಲೊಯೋಲಾ ಅವರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಸ್ಥಾಪಕರೆಂದೂ, ಆಧ್ಯಾತ್ಮಿಕ ಸಾಧನೆಗಳ ಗುರುಗಳೆಂದೂ ನಾವು ಅವರನ್ನು ಬಲ್ಲೆವು. ಕರಾವಳಿಯ ಜನರಾದ ನಮಗೆ ಅವರ ಸಭೆಯ ಪರಿಚಯ ಮನೆಮನೆಗೂ ಇದೆ. 1878ರ ಡಿಸೆಂಬರ್ 31ರಂದು ಜೆಸ್ವಿಟ್ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅಲ್ಲಿ ಓದಿದವರು ನಮ್ಮ ಎಲ್ಲ ಚರ್ಚುಗಳಲ್ಲೂ ಸಿಗುತ್ತಾರೆ.

ಲೋಕದಾದ್ಯಂತ ಶಾಲೆ ಕಾಲೇಜುಗಳನ್ನು ಕಟ್ಟಿದ ಈ ಸಭೆಯ ಸ್ಥಾಪಕರು ಸ್ವತಃ ವಿದ್ಯೆಗೆ ಕೈ ಹಾಕಿದ್ದು ಬಹಳ ತಡವಾಗಿ ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಕಾಲದಲ್ಲಿ ಯಾವ ಉನ್ನತ ವಿದ್ಯೆಗೂ ಲ್ಯಾಟಿನ್ ಭಾಷೆ ಬೇಕೇ ಬೇಕಿತ್ತು. ಇಗ್ನೇಷಿಯಸ್ ಅವರು ಲ್ಯಾಟಿನ್ ವ್ಯಾಕರಣದ ಮೊದಲ ಪಾಠಕ್ಕೆ ಕುಳಿತಾಗ ಅವರಿಗೆ ಸುಮಾರು 33 ವರ್ಷ. ಜೊತೆಯಲ್ಲಿ ಕುಳಿತವರು ಚಿಕ್ಕ ಹುಡುಗರು.

ಈ ಭಾಗವನ್ನು ವಿಶೇಷವಾಗಿ ಆರಿಸಿಕೊಳ್ಳಲು ನಮಗೆ ಕಾರಣವಿದೆ. ನಮ್ಮ ಮಕ್ಕಳಲ್ಲಿ ಅನೇಕರು ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರುವಾಗ ಅದುವರೆಗೆ ಒಂದಕ್ಷರವೂ ಕಲಿಯದ ಭಾಷೆಯನ್ನು ಆರಿಸಿಕೊಳ್ಳುತ್ತಾರೆ. ಸಂಸ್ಕೃತ ಅಥವಾ ಫ್ರೆಂಚ್ ತೆಗೆದುಕೊಂಡರೆ ಅಂಕ ಹೆಚ್ಚು ಬರುತ್ತದೆ ಎಂಬ ಮಾತು ಕೇಳಿ ಸೇರುತ್ತಾರೆ. ಮೊದಲ ಕಿರುಪರೀಕ್ಷೆ ಬರುವಷ್ಟರಲ್ಲಿ ಪಕ್ಕದವರಿಗೆಲ್ಲ ಬರುತ್ತದೆ, ತನಗೊಬ್ಬನಿಗೇ ಬರುವುದಿಲ್ಲ ಎಂಬ ಅಳುಕು ಹತ್ತುತ್ತದೆ. ಹೊರ ರಾಜ್ಯಗಳಿಂದ ನಮ್ಮ ಧರ್ಮಪ್ರಾಂತ್ಯಗಳಿಗೆ ಸೇವೆಗಾಗಿ ಬರುವ ಧರ್ಮಭಗಿನಿಯರೂ ಗುರುವಿದ್ಯಾರ್ಥಿಗಳೂ ದೊಡ್ಡ ವಯಸ್ಸಿನಲ್ಲಿ ಕನ್ನಡದ ವರ್ಣಮಾಲೆಯಿಂದ ಶುರು ಮಾಡಬೇಕಾಗುತ್ತದೆ. ಇವರೆಲ್ಲರಿಗೂ ಇಗ್ನೇಷಿಯಸ್ ಅವರ ವಿದ್ಯಾಭ್ಯಾಸದ ಹನ್ನೊಂದು ವರ್ಷಗಳ ಕಥೆಯಲ್ಲಿ ಕೇಳಬೇಕಾದ ವಿಷಯವಿದೆ.

ಸೈನಿಕನಾಗಿದ್ದ ಇನಿಗೊ

ಇಗ್ನೇಷಿಯಸ್ ಅವರು 1491ರಲ್ಲಿ ಉತ್ತರ ಸ್ಪೇನಿನ ಬಾಸ್ಕ್ ನಾಡಿನಲ್ಲಿ, ಅಸ್ಪೇಟಿಯ ಎಂಬ ಊರಿನ ಬಳಿಯ ಲೊಯೋಲಾ ಮನೆತನದಲ್ಲಿ ಜನಿಸಿದರು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಇನಿಗೊ. ದೊಡ್ಡ ಕುಟುಂಬದ ಕೊನೆಯ ಮಗು. ತಾಯಿ ಬೇಗನೆ ತೀರಿಕೊಂಡ ಕಾರಣ ಊರಿನ ಕಮ್ಮಾರನ ಹೆಂಡತಿ ಮಗುವಿಗೆ ಹಾಲುಣಿಸಿ ಸಾಕಿದಳು. ಆ ನಾಡಿನ ಮನೆಮಾತು ಬಾಸ್ಕ್. ಅರಮನೆಯ ಮತ್ತು ಆಡಳಿತದ ಭಾಷೆ ಸ್ಪ್ಯಾನಿಷ್. ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಯನ್ನು ಕಂಡ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹದಿಹರೆಯದಲ್ಲಿ ಅವರನ್ನು ಅರೆವಲೊ ಎಂಬಲ್ಲಿ ರಾಜ್ಯದ ಮುಖ್ಯ ಖಜಾಂಚಿಯಾಗಿದ್ದ ಹುವಾನ್ ವೆಲಾಸ್ಕೆಸ್ ಅವರ ಮನೆಗೆ ಕಳುಹಿಸಲಾಯಿತು. ಅಲ್ಲಿ ಅವರು ಕಲಿತದ್ದು ಆಸ್ಥಾನದ ನಡೆನುಡಿ, ಕತ್ತಿವರಸೆ, ಕುದುರೆ ಸವಾರಿ. ಕೈಬರಹ ಬಹಳ ಸುಂದರವಾಗಿತ್ತು. ಶೂರರ ಪ್ರೇಮಕಥೆಗಳನ್ನು ಓದುವುದೆಂದರೆ ಅವರಿಗೆ ಪ್ರಾಣ. ಗುಮಾಸ್ತಿಕೆಗೂ ಯುದ್ಧಕ್ಕೂ ಸಾಕಾಗುವಷ್ಟು ಓದುಬರಹ ಅವರಲ್ಲಿತ್ತು. ವಿಶ್ವವಿದ್ಯಾಲಯಕ್ಕೆ ಬೇಕಾದ ಲ್ಯಾಟಿನ್ ಮಾತ್ರ ಇರಲಿಲ್ಲ.

1517ರಲ್ಲಿ ವೆಲಾಸ್ಕೆಸ್ ಅವರು ತೀರಿಕೊಂಡ ಮೇಲೆ ಇನಿಗೊ ನವಾರ್ರಾದ ರಾಜಪ್ರತಿನಿಧಿಯಾಗಿದ್ದ ನಾಹೆರಾದ ಡ್ಯೂಕ್ ಅವರ ಸೇವೆಗೆ ಸೇರಿದರು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಮೇಲೆ ಫ್ರೆಂಚ್ ಸೈನ್ಯ ದಾಳಿ ಮಾಡಿದಾಗ ಫಿರಂಗಿ ಗುಂಡೊಂದು ಅವರ ಒಂದು ಕಾಲಿನ ಮೂಳೆಯನ್ನು ಪುಡಿ ಮಾಡಿತು. ಇನ್ನೊಂದು ಕಾಲಿಗೂ ಗಾಯವಾಯಿತು. ಅವರನ್ನು ಹೊತ್ತು ಲೊಯೋಲಾಕ್ಕೆ ತರಲಾಯಿತು. ಸರಿಯಾಗಿ ಕೂಡದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದರು. ಹೊರಚಾಚಿದ ಮೂಳೆಯ ತುಂಡನ್ನು ಗರಗಸದಿಂದ ಕತ್ತರಿಸಿದರು. ಅರಿವಳಿಕೆ ಇಲ್ಲದ ಕಾಲವದು.

ಹಾಸಿಗೆ ಹಿಡಿದಿದ್ದ ಆ ತಿಂಗಳುಗಳಲ್ಲಿ ಓದಲು ಪ್ರೇಮಕಥೆ ಕೇಳಿದರೆ ಮನೆಯಲ್ಲಿ ಸಿಕ್ಕಿದ್ದು ಎರಡೇ ಪುಸ್ತಕಗಳು: ಸ್ಯಾಕ್ಸನಿಯ ಲುಡಾಲ್ಫ್ ಬರೆದ ಕ್ರಿಸ್ತರ ಚರಿತ್ರೆ ಮತ್ತು ಸಂತರ ಜೀವನ ಕಥೆಗಳು. ಎರಡೂ ಮೂಲದಲ್ಲಿ ಲ್ಯಾಟಿನ್ ಗ್ರಂಥಗಳು. ಅದೃಷ್ಟವಶಾತ್ ಅವು ಸ್ಪ್ಯಾನಿಷ್ ಅನುವಾದದಲ್ಲಿದ್ದವು. ಅನುವಾದ ಇಲ್ಲದಿದ್ದರೆ ಅವರು ಆ ಪುಸ್ತಕಗಳನ್ನು ಓದುವಂತೆಯೇ ಇರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಇಷ್ಟವಾದ ಭಾಗಗಳನ್ನು ಅವರು ತಮ್ಮ ಅಂದವಾದ ಅಕ್ಷರದಲ್ಲಿ ನಕಲು ಮಾಡಿಕೊಂಡರು. ಯೇಸುಸ್ವಾಮಿಯ ಮಾತುಗಳಿಗೆ ಕೆಂಪು ಶಾಯಿ, ಮಾತೆ ಮರಿಯಮ್ಮನವರ ಮಾತುಗಳಿಗೆ ನೀಲಿ ಶಾಯಿ. ಆ ಪುಸ್ತಕ ಸುಮಾರು 300 ಹಾಳೆಯಷ್ಟಾಯಿತು.

ಅಲ್ಲಿಂದ ಮುಂದಿನದು ನಮಗೆ ಪರಿಚಿತ ಕಥೆ. 1522ರ ಮಾರ್ಚ್‌ನಲ್ಲಿ ಮೊಂಟ್ಸೆರಾಟ್ ಪುಣ್ಯಕ್ಷೇತ್ರದಲ್ಲಿ ಮಾತೆಯ ಪೀಠದ ಮುಂದೆ ರಾತ್ರಿಯಿಡೀ ಜಾಗರಣೆ ಮಾಡಿ ಕತ್ತಿಯನ್ನು ಅಲ್ಲಿಯೇ ಬಿಟ್ಟರು. ಮನ್ರೆಸಾದಲ್ಲಿ ಸುಮಾರು ಹನ್ನೊಂದು ತಿಂಗಳು ಪ್ರಾರ್ಥನೆ, ತಪಸ್ಸು, ಭಿಕ್ಷೆಯ ಜೀವನ ನಡೆಸಿದರು. ಆಧ್ಯಾತ್ಮಿಕ ಸಾಧನೆಗಳ ಬೀಜ ಮೊಳೆತದ್ದು ಅಲ್ಲಿಯೇ. 1523ರ ಸೆಪ್ಟೆಂಬರ್‌ನಲ್ಲಿ ಜೆರುಸಲೇಮ್ ತಲುಪಿ ಜೀವನಪೂರ್ತಿ ಅಲ್ಲಿಯೇ ಉಳಿಯಬೇಕೆಂದು ಬಯಸಿದರು. ಪುಣ್ಯಭೂಮಿಯ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಗುರುಗಳು ಅನುಮತಿ ಕೊಡಲಿಲ್ಲ. ಯಾತ್ರಿಕರ ಜೀವಕ್ಕೆ ಅಪಾಯವಿದ್ದ ಕಾಲವದು. ಸುಮಾರು ಮೂರು ವಾರಗಳಲ್ಲಿ ಅವರು ಹಿಂತಿರುಗಬೇಕಾಯಿತು.

ಯಾಕೆ ಓದಬೇಕು?

ಹಿಂತಿರುಗುವ ದಾರಿಯುದ್ದಕ್ಕೂ ಮುಂದೇನು ಎಂಬ ಪ್ರಶ್ನೆ ಅವರನ್ನು ಕಾಡಿತು. ಆತ್ಮಗಳಿಗೆ ಸಹಾಯ ಮಾಡಬೇಕಾದರೆ ಓದಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು. ಇದು ಪದವಿಗಾಗಿ ಮಾಡಿದ ತೀರ್ಮಾನವಾಗಿರಲಿಲ್ಲ. ದೇವರ ವಿಷಯ ಮಾತನಾಡುವ ಬಯಕೆ ಇತ್ತು, ಮಾತನಾಡಿದರೆ ಜನ ಕೇಳುತ್ತಿದ್ದರು. ಆದರೆ ದೇವಶಾಸ್ತ್ರ ಲ್ಯಾಟಿನ್‌ನಲ್ಲಿತ್ತು. ಪವಿತ್ರ ಗ್ರಂಥ ಲ್ಯಾಟಿನ್‌ನಲ್ಲಿ ಓದಲಾಗುತ್ತಿತ್ತು. ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಗುರುಗಳು ಪಾಠ ಮಾಡುವುದೂ ವಿದ್ಯಾರ್ಥಿಗಳು ವಾದ ಮಾಡುವುದೂ ಅದೇ ಭಾಷೆಯಲ್ಲಿ. ಲ್ಯಾಟಿನ್ ಬಾರದವನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ.

1524ರಲ್ಲಿ ಅವರು ಬಾರ್ಸಿಲೋನಾಕ್ಕೆ ಬಂದರು. ಇಸಾಬೆಲ್ ರೊಸೆರ್ ಎಂಬ ಉದಾರ ಮಹಿಳೆ ಅವರ ಖರ್ಚಿಗೆ ನೆರವಾಗಲು ಒಪ್ಪಿದರು. ಹೆರೊನಿಮೊ ಅರ್ದೆವೊಲ್ ಎಂಬ ವ್ಯಾಕರಣದ ಮಾಸ್ತರರು ಉಚಿತವಾಗಿ ಕಲಿಸಲು ಮುಂದೆ ಬಂದರು.

ಲ್ಯಾಟಿನ್ ಕಲಿಯುವುದೆಂದರೆ ಏನೆಂದು ನಾವು ಸ್ವಲ್ಪ ಊಹಿಸಿಕೊಳ್ಳೋಣ. ಸಂಸ್ಕೃತ ಕಲಿತವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ರಾಮಃ ರಾಮೌ ರಾಮಾಃ ಎಂದು ಬಾಯಿಪಾಠ ಮಾಡಿದಂತೆಯೇ ಲ್ಯಾಟಿನ್‌ನಲ್ಲೂ ನಾಮಪದಗಳಿಗೆ ವಿಭಕ್ತಿಗಳಿವೆ. ನಾಮಪದಗಳಲ್ಲಿ ಐದು ಗುಂಪುಗಳು, ಕ್ರಿಯಾಪದಗಳಲ್ಲಿ ನಾಲ್ಕು ಗುಂಪುಗಳು. ಒಂದೊಂದು ಕ್ರಿಯಾಪದಕ್ಕೂ ಪುರುಷ, ವಚನ, ಕಾಲಗಳಿಗೆ ತಕ್ಕಂತೆ ಹತ್ತಾರು ರೂಪಗಳು. ಅರ್ಥ ಮಾಡಿಕೊಳ್ಳುವ ಕೆಲಸ ಬರುವುದು ಆಮೇಲೆ. ಮೊದಲು ಬಾಯಿಗೆ ಬರಬೇಕು. ಎಂಟು ಹತ್ತು ವರ್ಷದ ಹುಡುಗನ ನಾಲಿಗೆಗೆ ಇದು ಆಟದಂತೆ ಹತ್ತುತ್ತದೆ. ಯುದ್ಧ ಕಂಡ, ಜೆರುಸಲೇಮ್ ಕಂಡ, ಮೂವತ್ತು ದಾಟಿದ ಮನುಷ್ಯನಿಗೆ ಅದು ಹಾಗೆ ಹತ್ತುವುದಿಲ್ಲ.

ಪ್ರಾರ್ಥನೆಯೇ ಅಡ್ಡಿಯಾದಾಗ

ಇಗ್ನೇಷಿಯಸ್ ಅವರಿಗೆ ಇನ್ನೂ ಒಂದು ವಿಚಿತ್ರ ತೊಂದರೆ ಎದುರಾಯಿತು. ಬಾಯಿಪಾಠಕ್ಕೆ ಕುಳಿತ ಕೂಡಲೇ ಮನಸ್ಸಿನಲ್ಲಿ ದೇವರ ವಿಷಯದ ಹೊಸ ಹೊಸ ಆಲೋಚನೆಗಳು, ಆಧ್ಯಾತ್ಮಿಕ ಆನಂದ ತುಂಬಿಕೊಳ್ಳುತ್ತಿತ್ತು. ಪುಸ್ತಕ ಕೈಯಲ್ಲಿಯೇ ಉಳಿಯುತ್ತಿತ್ತು. ಎಷ್ಟು ಪ್ರಯತ್ನಿಸಿದರೂ ಅದನ್ನು ದೂರ ಮಾಡಲು ಆಗುತ್ತಿರಲಿಲ್ಲ. ನಮ್ಮಲ್ಲಿ ಯಾರಾದರೂ ಆಗಿದ್ದರೆ ಇದು ದೇವರ ಕೃಪೆ ಎಂದುಕೊಂಡು ಪುಸ್ತಕ ಮುಚ್ಚಿ ಮೊಣಕಾಲೂರುತ್ತಿದ್ದೆವು.

ಅವರು ಹಾಗೆ ಮಾಡಲಿಲ್ಲ. ಪ್ರಾರ್ಥನೆಗೆ ಕುಳಿತಾಗಲೂ ಬಲಿಪೂಜೆಯಲ್ಲಿದ್ದಾಗಲೂ ಬಾರದ ಇಂತಹ ಆನಂದ ವ್ಯಾಕರಣದ ಹೊತ್ತಿಗೇ ಏಕೆ ಬರುತ್ತದೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಇದು ಓದನ್ನು ತಪ್ಪಿಸಲು ಒಡ್ಡಿದ ಶೋಧನೆ ಎಂದು ಅವರಿಗೆ ಹೊಳೆಯಿತು. ಮಾಸ್ತರರನ್ನು ಹತ್ತಿರದ ಸಾಂತಾ ಮರಿಯಾ ದೆಲ್ ಮಾರ್ ದೇವಾಲಯಕ್ಕೆ ಕರೆದುಕೊಂಡು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಾನು ಏಕೆ ಇಷ್ಟು ಕಡಿಮೆ ಕಲಿತಿದ್ದೇನೆ ಎಂಬುದನ್ನು ಮುಚ್ಚಿಡಲಿಲ್ಲ. ಬಾರ್ಸಿಲೋನಾದಲ್ಲಿ ಬದುಕಲು ರೊಟ್ಟಿ ಮತ್ತು ನೀರು ಸಿಗುವ ತನಕ ಮುಂದಿನ ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸದೆ ಕೇಳುತ್ತೇನೆ ಎಂದು ಮಾತು ಕೊಟ್ಟರು. ಆ ಮಾತು ಕೊಟ್ಟ ನಂತರ ಆ ತೊಂದರೆ ನಿಂತೇ ಹೋಯಿತು ಎಂದು ಅವರು ಮುಂದೆ ತಮ್ಮ ಜೀವನ ಕಥೆಯನ್ನು ಬರೆಸುವಾಗ ತಿಳಿಸಿದ್ದಾರೆ.

ಆಗ ಅವರು ಭಿಕ್ಷೆ ಬೇಡಿ ಬದುಕುತ್ತಿದ್ದರು. ತಪಸ್ಸನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೂಟಿನ ಅಡಿಯಲ್ಲಿ ತೂತು ಮಾಡಿ, ಅದನ್ನು ದಿನದಿನಕ್ಕೆ ದೊಡ್ಡದು ಮಾಡುತ್ತಾ ಹೋದರು. ಚಳಿಗಾಲ ಬರುವಾಗ ಮೇಲಿನ ಚರ್ಮ ಮಾತ್ರ ಉಳಿದಿತ್ತು. ನೋಡುವವರಿಗೆ ಬೂಟು, ನಡೆಯುವವರಿಗೆ ಬರಿಗಾಲು.

ಅವಸರದ ಫಲ

ಎರಡು ವರ್ಷ ಕಳೆಯಿತು. ಇನ್ನು ವಿಶ್ವವಿದ್ಯಾಲಯಕ್ಕೆ ಹೋಗಬಹುದೆಂದು ಮಾಸ್ತರರು ಹೇಳಿದರು. ಇಗ್ನೇಷಿಯಸ್ ಅವರು ಒಬ್ಬರ ಮಾತಿನಿಂದಲೇ ತೃಪ್ತರಾಗದೆ ದೇವಶಾಸ್ತ್ರದ ಪಂಡಿತರೊಬ್ಬರಿಂದ ಪರೀಕ್ಷೆ ಮಾಡಿಸಿಕೊಂಡರು. ಅವರೂ ಅದೇ ಸಲಹೆ ಕೊಟ್ಟರು. 1526ರಲ್ಲಿ ಅವರು ಅಲ್ಕಲಾ ವಿಶ್ವವಿದ್ಯಾಲಯಕ್ಕೆ ಹೊರಟರು. ಕಾರ್ಡಿನಲ್ ಸಿಸ್ನೆರೊಸ್ ಅವರು ಸ್ಥಾಪಿಸಿದ ಆ ವಿದ್ಯಾಕೇಂದ್ರ ಆಗ ಸ್ಪೇನಿನಲ್ಲಿ ಹೆಸರುವಾಸಿಯಾಗಿತ್ತು.

ಅಲ್ಲಿ ಅವರು ತರ್ಕಶಾಸ್ತ್ರ, ಸಂತ ಆಲ್ಬರ್ಟ್ ಅವರ ಭೌತಶಾಸ್ತ್ರ, ಪೀಟರ್ ಲೊಂಬಾರ್ಡ್ ಅವರ ದೇವಶಾಸ್ತ್ರ, ಈ ಮೂರನ್ನೂ ಒಟ್ಟಿಗೇ ಹಿಡಿದರು. ಸಾಮಾನ್ಯವಾಗಿ ಒಂದರ ನಂತರ ಒಂದಾಗಿ ಕೆಲವು ವರ್ಷಗಳಲ್ಲಿ ಕಲಿಯುವ ವಿಷಯಗಳಿವು. ಭಾಷೆ ಇನ್ನೂ ಗಟ್ಟಿಯಾಗಿರಲಿಲ್ಲ. ಸಾಲದ್ದಕ್ಕೆ ದಿನದ ಬಹುಪಾಲು ಸಮಯ ಜನರಿಗೆ ಧರ್ಮೋಪದೇಶ ಕಲಿಸುವುದರಲ್ಲಿ, ಆಧ್ಯಾತ್ಮಿಕ ಸಾಧನೆಗಳನ್ನು ಮಾಡಿಸುವುದರಲ್ಲಿ, ಬಡವರಿಗೆ ಭಿಕ್ಷೆ ಕೂಡಿಸುವುದರಲ್ಲಿ ಹೋಗುತ್ತಿತ್ತು. ಕೆಲಸವೆಲ್ಲ ಒಳ್ಳೆಯದೇ. ಓದು ಮಾತ್ರ ತಲೆಗೆ ಹತ್ತಲಿಲ್ಲ.

ಓದದ ಮನುಷ್ಯ ಧರ್ಮದ ವಿಷಯ ಬೋಧಿಸುತ್ತಾನೆ ಎಂಬ ಅನುಮಾನ ಧರ್ಮಾಧಿಕಾರಿಗಳಿಗೆ ಬಂತು. 1527ರಲ್ಲಿ ಅಲ್ಕಲಾದಲ್ಲಿ ಅವರನ್ನು 42 ದಿನ ಸೆರೆಯಲ್ಲಿಟ್ಟು ವಿಚಾರಣೆ ನಡೆಸಿದರು. ತಪ್ಪು ಸಿಗಲಿಲ್ಲ. ಆದರೂ ವಿದ್ಯೆ ಇಲ್ಲದ ಕಾರಣ ಇನ್ನೂ ಕೆಲವು ವರ್ಷ ಓದುವ ತನಕ ವಿಶ್ವಾಸದ ವಿಷಯಗಳನ್ನು ಬೋಧಿಸಬಾರದೆಂದು ಆಜ್ಞೆಯಾಯಿತು. ಅಲ್ಲಿಂದ ಸಲಮಾಂಕಾಕ್ಕೆ ಹೋದರು. ಅಲ್ಲಿಯೂ 22 ದಿನ ಸೆರೆವಾಸ. ಅಲ್ಲಿಯೂ ಅವರ ಬೋಧನೆಯಲ್ಲಿ ದೋಷ ಕಾಣಲಿಲ್ಲ. ಆದರೆ ಯಾವುದು ದೊಡ್ಡ ಪಾಪ, ಯಾವುದು ಸಣ್ಣ ಪಾಪ ಎಂದು ನಿರ್ಣಯಿಸಿ ಹೇಳುವುದನ್ನು ಇನ್ನೂ ನಾಲ್ಕು ವರ್ಷ ಓದಿದ ಮೇಲೆ ಮಾಡಬೇಕೆಂದು ತೀರ್ಪಾಯಿತು.

ಮೂರು ವರ್ಷಗಳ ಪ್ರಯತ್ನದ ಫಲ ಇಷ್ಟೇ: ಎರಡು ಸೆರೆವಾಸ, ಗಟ್ಟಿಯಾಗಿ ಹೇಳಿಕೊಳ್ಳುವಂತಹ ಒಂದು ವಿಷಯದ ಜ್ಞಾನವೂ ಇಲ್ಲ. ವಯಸ್ಸು 36. ಓದನ್ನು ಬಿಟ್ಟು ಹಿಂದಿನಂತೆ ಭಿಕ್ಷುಕ ಯಾತ್ರಿಕನಾಗಿ ಬದುಕಿದ್ದರೂ ಯಾರೂ ಕೇಳುವವರಿರಲಿಲ್ಲ. ಹೊಸ ಭಾಷೆಯಲ್ಲಿ ಮೊದಲ ವರ್ಷ ನಪಾಸಾದ ವಿದ್ಯಾರ್ಥಿಗೆ ಈ ಘಟ್ಟ ಚೆನ್ನಾಗಿ ಗೊತ್ತು.

ಪ್ಯಾರಿಸ್‌ನಲ್ಲಿ ಮತ್ತೆ ಮೊದಲಿನಿಂದ

ಅವರು ಪ್ಯಾರಿಸ್‌ಗೆ ಹೋಗಲು ನಿರ್ಧರಿಸಿದರು. ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ನಡೆಯುತ್ತಿದ್ದ ಸಮಯ. ಹೋಗಬೇಡವೆಂದು ಅನೇಕರು ತಡೆದರು. ಒಬ್ಬಂಟಿಯಾಗಿ, ಕಾಲ್ನಡಿಗೆಯಲ್ಲಿ, ಚಳಿಗಾಲದಲ್ಲಿ ನಡೆದು 1528ರ ಫೆಬ್ರವರಿ 2ರಂದು, ಬಾಲಯೇಸುವಿನ ಸಮರ್ಪಣೆಯ ಹಬ್ಬದ ದಿನ, ಪ್ಯಾರಿಸ್ ಸೇರಿದರು.

ಇಲ್ಲಿ ಅವರು ಮಾಡಿದ ತೀರ್ಮಾನವೇ ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ಹೃದಯ. ಎರಡು ವಿಶ್ವವಿದ್ಯಾಲಯಗಳನ್ನು ಕಂಡು ಬಂದವರು ಅವರು. ನೇರವಾಗಿ ತತ್ತ್ವಶಾಸ್ತ್ರಕ್ಕೆ ಸೇರಬಹುದಿತ್ತು. ಅವಸರದಲ್ಲಿ ಮುಂದೆ ಹೋದ ಕಾರಣ ತನ್ನ ಅಡಿಪಾಯ ಸಡಿಲವಾಗಿದೆ ಎಂದು ಅವರು ಕಂಡುಕೊಂಡರು. ಮೊಂತೆಗ್ಯು ಕಾಲೇಜಿನಲ್ಲಿ ಮತ್ತೆ ಲ್ಯಾಟಿನ್ ವ್ಯಾಕರಣದ ತರಗತಿಗೇ ಸೇರಿದರು. ಬಾರ್ಸಿಲೋನಾದಲ್ಲಿ ಕಲಿತದ್ದನ್ನೇ ಮತ್ತೆ ಮೊದಲಿನಿಂದ, ಮತ್ತೆ ಹುಡುಗರ ಜೊತೆ. ಪ್ಯಾರಿಸ್‌ನ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ಮಟ್ಟಕ್ಕೆ ತಕ್ಕಂತೆ ತರಗತಿಗಳಾಗಿ ವಿಂಗಡಿಸುತ್ತಿದ್ದರು. ಪಾಠ, ಪುನರಾವರ್ತನೆ, ಅಭ್ಯಾಸ ಎಂಬ ಕ್ರಮ ಪ್ರತಿದಿನ ನಡೆಯುತ್ತಿತ್ತು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಇನ್ನೊಂದು.

ಕಷ್ಟ ಇಲ್ಲಿಯೂ ಬಿಡಲಿಲ್ಲ. ಬಾರ್ಸಿಲೋನಾದಿಂದ ಬಂದಿದ್ದ 25 ಎಸ್ಕೂಡೊ ಹಣವನ್ನು ಜೊತೆಯಲ್ಲಿ ವಾಸವಿದ್ದ ಸ್ಪೇನಿನವನೊಬ್ಬನ ಕೈಯಲ್ಲಿ ಇಡಲು ಕೊಟ್ಟಿದ್ದರು. ಆತ ಅದನ್ನು ಖರ್ಚು ಮಾಡಿಬಿಟ್ಟ. ಊಟಕ್ಕೆ ಭಿಕ್ಷೆ, ವಾಸಕ್ಕೆ ಸಂತ ಯಾಕೋಬರ ಹೆಸರಿನ ಧರ್ಮಶಾಲೆ. ಆ ಧರ್ಮಶಾಲೆ ಕಾಲೇಜಿನಿಂದ ದೂರವಿತ್ತು. ಬೆಳಕು ಹರಿದ ಮೇಲೆ ಬಾಗಿಲು ತೆರೆಯುತ್ತಿತ್ತು, ಸಂಜೆಗೆ ಮುಚ್ಚುತ್ತಿತ್ತು. ಪಾಠ ಶುರುವಾಗುತ್ತಿದ್ದದ್ದು ನಸುಕಿನಲ್ಲಿ. ಹೀಗೆ ಬೆಳಗ್ಗಿನ ಪಾಠವೂ ಸಂಜೆಯ ಪಾಠವೂ ತಪ್ಪುತ್ತಿತ್ತು. ಕೊನೆಗೆ ಬೇಸಿಗೆ ರಜೆಯಲ್ಲಿ ಫ್ಲಾಂಡರ್ಸ್‌ಗೆ, ಒಮ್ಮೆ ಲಂಡನ್‌ಗೂ ಹೋಗಿ ಅಲ್ಲಿನ ಸ್ಪೇನಿನ ವರ್ತಕರಿಂದ ಇಡೀ ವರ್ಷಕ್ಕೆ ಸಾಕಾಗುವಷ್ಟು ದಾನ ತರುವ ಕ್ರಮ ಮಾಡಿಕೊಂಡರು. ಉಳಿದ ತಿಂಗಳುಗಳಲ್ಲಿ ನಿಶ್ಚಿಂತೆಯಿಂದ ಓದಲು ಇದರಿಂದ ಸಾಧ್ಯವಾಯಿತು.

ಹಣ ಖರ್ಚು ಮಾಡಿದ ಆ ವ್ಯಕ್ತಿ ಮುಂದೆ ರುವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದ ಸುದ್ದಿ ಬಂತು. ಇಗ್ನೇಷಿಯಸ್ ಅವರು ನೂರು ಕಿಲೋಮೀಟರಿಗೂ ಹೆಚ್ಚು ದೂರವನ್ನು ಬರಿಗಾಲಿನಲ್ಲಿ, ಉಪವಾಸವಿದ್ದು, ಮೂರು ದಿನ ನಡೆದು ಅವನ ಬಳಿಗೆ ಹೋದರು. ಸಾಂತ್ವನ ಹೇಳಿ, ಊರಿಗೆ ಹೋಗುವ ಹಡಗು ಹತ್ತಲು ನೆರವಾದರು.

ಕಲಿಸಿದ ಕಿರಿಯ ಗೆಳೆಯ

1529ರ ಅಕ್ಟೋಬರ್‌ನಲ್ಲಿ ಅವರು ಸಾಂತ್ ಬಾರ್ಬ್ ಕಾಲೇಜಿಗೆ ಸೇರಿ ತತ್ತ್ವಶಾಸ್ತ್ರದ ಅಭ್ಯಾಸ ಆರಂಭಿಸಿದರು. ಅಲ್ಲಿ ಒಂದೇ ಕೋಣೆಯಲ್ಲಿದ್ದವರು ಸವೋಯ್ ಪ್ರಾಂತ್ಯದ ಪೀಟರ್ ಫಾವ್ರ್ ಮತ್ತು ನವಾರ್ರಾದ ಫ್ರಾನ್ಸಿಸ್ ಕ್ಸೇವಿಯರ್. ಇಬ್ಬರೂ 1506ರಲ್ಲಿ ಹುಟ್ಟಿದವರು, ಅಂದರೆ ಇಗ್ನೇಷಿಯಸ್ ಅವರಿಗಿಂತ 15 ವರ್ಷ ಚಿಕ್ಕವರು. ಕ್ಸೇವಿಯರ್ ಅವರ ಅಣ್ಣಂದಿರು 1521ರ ಯುದ್ಧದಲ್ಲಿ ಇಗ್ನೇಷಿಯಸ್ ಇದ್ದ ಪಕ್ಷಕ್ಕೆ ಎದುರಾಗಿ ಹೋರಾಡಿದವರು.

ಪಾಠದಲ್ಲಿ ಅರ್ಥವಾಗದ್ದನ್ನು ಇಗ್ನೇಷಿಯಸ್ ಅವರಿಗೆ ಮತ್ತೆ ಹೇಳಿಕೊಡುವ ಹೊಣೆ ಫಾವ್ರ್ ಅವರ ಪಾಲಿಗೆ ಬಂತು. ಹಗಲಿನಲ್ಲಿ ಕಿರಿಯರು ಹಿರಿಯರಿಗೆ ಅರಿಸ್ಟಾಟಲ್ ಹೇಳಿಕೊಟ್ಟರು. ಬಿಡುವಿನಲ್ಲಿ ಹಿರಿಯರು ಕಿರಿಯರಿಗೆ ಪ್ರಾರ್ಥನೆಯ ದಾರಿ ತೋರಿಸಿದರು. ತನಗಿಂತ ಚಿಕ್ಕವನಿಂದ ಕಲಿಯಲು ನಾಚಿದ್ದರೆ ಆ ಸ್ನೇಹ ಹುಟ್ಟುತ್ತಿರಲಿಲ್ಲ. ಆ ಪೀಟರ್ ಫಾವ್ರ್ ಅವರನ್ನು 2013ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸ್ ಅವರು ಸಂತರೆಂದು ಘೋಷಿಸಿದರು.

ಬಾರ್ಸಿಲೋನಾದ ಹಳೆಯ ಶೋಧನೆ ಇಲ್ಲಿಯೂ ಬಂತು. ಪಾಠದ ಹೊತ್ತಿಗೆ ಸರಿಯಾಗಿ ಭಕ್ತಿಯ ಆಲೋಚನೆಗಳು ಏಳತೊಡಗಿದವು. ಇಗ್ನೇಷಿಯಸ್ ಅವರು ತಡಮಾಡದೆ ತಮ್ಮ ಗುರು ಹುವಾನ್ ಪೆನ್ಯಾ ಅವರ ಬಳಿಗೆ ಹೋಗಿ ಮೊದಲಿನಂತೆಯೇ ಮಾತು ಕೊಟ್ಟರು. ಮನಸ್ಸು ತಿಳಿಯಾಯಿತು.

1533ರಲ್ಲಿ ಲೈಸೆನ್ಸಿಯೇಟ್, 1535ರಲ್ಲಿ ಮಾಸ್ಟರ್ ಪದವಿ ಬಂತು. ಇನಿಗೊ ಎಂಬ ಬಾಸ್ಕ್ ಹೆಸರಿನ ಜಾಗದಲ್ಲಿ ಇಗ್ನೇಷಿಯಸ್ ಎಂಬ ಲ್ಯಾಟಿನ್ ಹೆಸರು ರೂಢಿಗೆ ಬಂದದ್ದೂ ಪ್ಯಾರಿಸ್‌ನಲ್ಲಿಯೇ. ಆಗ ಅವರಿಗೆ 44 ವರ್ಷ. ಬಾರ್ಸಿಲೋನಾದ ಮೊದಲ ಪಾಠದಿಂದ ಈ ಪದವಿಯವರೆಗೆ ಹನ್ನೊಂದು ವರ್ಷ ಹಿಡಿದಿತ್ತು.

ಈ ನಡುವೆ 1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದ ಪುಟ್ಟ ದೇವಾಲಯದಲ್ಲಿ ಏಳು ಮಂದಿ ಸ್ನೇಹಿತರು ವ್ರತ ಸ್ವೀಕರಿಸಿದರು. ಅವರಲ್ಲಿ ಆಗ ಗುರುದೀಕ್ಷೆ ಪಡೆದವರು ಫಾವ್ರ್ ಒಬ್ಬರೇ. 1537ರ ಜೂನ್ 24ರಂದು ಇಗ್ನೇಷಿಯಸ್ ಅವರು ವೆನಿಸ್‌ನಲ್ಲಿ ಗುರುದೀಕ್ಷೆ ಪಡೆದರು. 1540ರ ಸೆಪ್ಟೆಂಬರ್ 27ರಂದು ಪೋಪ್ ಮೂರನೇ ಪೌಲರು ಯೇಸುಸಭೆಗೆ ಅನುಮೋದನೆ ನೀಡಿದರು. 1541ರಲ್ಲಿ ಅವರು ಸಭೆಯ ಮೊದಲ ಮಹಾಧಿಕಾರಿಯಾಗಿ ಆಯ್ಕೆಯಾದರು.

ಪಟ್ಟ ಕಷ್ಟ ನಿಯಮವಾಯಿತು

ಇಗ್ನೇಷಿಯಸ್ ಅವರು ರೋಮಿನಲ್ಲಿ ಕುಳಿತು ಸಭೆಯ ಸಂವಿಧಾನವನ್ನು ಬರೆದಾಗ ತಮ್ಮ ವಿದ್ಯಾಭ್ಯಾಸದ ವರ್ಷಗಳನ್ನು ಮರೆಯಲಿಲ್ಲ. ಅದರ ನಾಲ್ಕನೆಯ ಭಾಗ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಅದನ್ನು ಅವರ ಜೀವನದ ಪಕ್ಕದಲ್ಲಿಟ್ಟು ಓದಿದರೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ಅನುಭವ ಕಾಣಿಸುತ್ತದೆ.

ಮೊದಲನೆಯದು, ಕ್ರಮ. ಲ್ಯಾಟಿನ್ ಭಾಷೆಯಲ್ಲಿ ಗಟ್ಟಿ ಅಡಿಪಾಯ ಹಾಕಿದ ಮೇಲೆಯೇ ತತ್ತ್ವಶಾಸ್ತ್ರ, ಅದು ಗಟ್ಟಿಯಾದ ಮೇಲೆಯೇ ದೇವಶಾಸ್ತ್ರ ಎಂದು ಅವರು ವಿಧಿಸಿದರು. ಇದು ಅಲ್ಕಲಾದ ಪಾಠ. ಎರಡನೆಯದು, ಸಮಯ. ಓದುವ ಕಾಲದಲ್ಲಿ ಓದಿಗೆ ಇಡೀ ಮನುಷ್ಯನೇ ಬೇಕಾಗುತ್ತದೆ, ಆದ್ದರಿಂದ ವಿದ್ಯಾರ್ಥಿಗಳ ಪ್ರಾರ್ಥನೆಗೂ ತಪಸ್ಸಿಗೂ ಮಿತಿ ಇರಲಿ ಎಂದರು. ಶುದ್ಧ ಉದ್ದೇಶದಿಂದ ಮಾಡಿದ ಓದು ದೇವರಿಗೆ ಮೆಚ್ಚುಗೆಯೇ ಎಂಬುದು ಅವರ ನಿಲುವು. ಇದು ಬಾರ್ಸಿಲೋನಾದ ಪಾಠ. ಮೂರನೆಯದು, ಹೊಟ್ಟೆಪಾಡು. ಸಭೆಯ ಸದಸ್ಯರಿಗೆ ಕಟ್ಟುನಿಟ್ಟಾದ ಬಡತನ ವಿಧಿಸಿದ ಅವರೇ, ಓದುವವರು ಭಿಕ್ಷೆಗೆ ಅಲೆಯಬೇಕಾಗದಂತೆ ಕಾಲೇಜುಗಳಿಗೆ ನಿಶ್ಚಿತ ಆದಾಯ ಇರಬಹುದೆಂದರು. ಇದು ಪ್ಯಾರಿಸ್‌ನ ಧರ್ಮಶಾಲೆಯ ಪಾಠ.

ಸದಸ್ಯರು ತಾವು ಇರುವ ನಾಡಿನ ಭಾಷೆಯನ್ನು ಕಲಿಯಬೇಕೆಂಬುದೂ ಅವರ ಸಂವಿಧಾನದಲ್ಲಿದೆ. ಇದರ ಫಲವನ್ನು ನಮ್ಮ ಕರಾವಳಿ ಉಂಡಿದೆ. 1542ರ ಮೇ 6ರಂದು ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು ಮುತ್ತಿನ ಕರಾವಳಿಯಲ್ಲಿ ದುಭಾಷಿಗಳ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಂದು, ಬಾಯಿಪಾಠ ಮಾಡಿ, ಗಂಟೆ ಬಾರಿಸಿ ಮಕ್ಕಳನ್ನು ಕರೆದು ಕಲಿಸಿದರು. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಅವರು ಮರಾಠಿಯಲ್ಲಿ ಕ್ರಿಸ್ತಪುರಾಣವನ್ನು ರಚಿಸಿದರು. ಅದು 1616ರಲ್ಲಿ ಅಚ್ಚಾಯಿತು. ಅವರು ಬರೆದ ಕೊಂಕಣಿ ವ್ಯಾಕರಣ ಅವರ ಮರಣಾನಂತರ 1640ರಲ್ಲಿ ಪ್ರಕಟವಾಯಿತು. ಮಂಗಳೂರಿಗೆ ಬಂದ ಇಟಲಿಯ ಏಂಜೆಲೊ ಮಾಫೆಯಿ ಗುರುಗಳ ಕೊಂಕಣಿ ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಹೊರಬಂದವು. ಇವರೆಲ್ಲರೂ ನಮ್ಮ ಭಾಷೆಗಳನ್ನು ದೊಡ್ಡವರಾದ ಮೇಲೆ ಕಲಿತವರು.

1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಸಭೆಯ ಕಾಲೇಜು ಆರಂಭವಾಯಿತು. 1551ರ ಫೆಬ್ರವರಿಯಲ್ಲಿ ರೋಮಿನಲ್ಲಿ ತೆರೆದ ಕಾಲೇಜಿನ ಬಾಗಿಲ ಮೇಲೆ ವ್ಯಾಕರಣ, ಸಾಹಿತ್ಯ ಮತ್ತು ಕ್ರೈಸ್ತ ಧರ್ಮೋಪದೇಶವನ್ನು ಉಚಿತವಾಗಿ ಕಲಿಸಲಾಗುವುದೆಂಬ ಫಲಕವಿತ್ತು. ಆ ಫಲಕದಲ್ಲಿ ಮೊದಲು ಬಂದದ್ದು ವ್ಯಾಕರಣ. ಉಚಿತವಾಗಿ ವ್ಯಾಕರಣ ಹೇಳಿಕೊಟ್ಟ ಬಾರ್ಸಿಲೋನಾದ ಮಾಸ್ತರರ ಋಣ ಈ ರೀತಿ ತೀರಿತು ಎಂದು ನಮಗೆ ಅನಿಸುತ್ತದೆ.

ಕೊನೆಯವರೆಗೂ ಸಾಧಾರಣ ಲ್ಯಾಟಿನ್

ಇಷ್ಟೆಲ್ಲ ಓದಿದ ಮೇಲೂ ಇಗ್ನೇಷಿಯಸ್ ಅವರು ಲ್ಯಾಟಿನ್‌ನಲ್ಲಿ ಸೊಗಸಾದ ಬರಹಗಾರರಾಗಲಿಲ್ಲ ಎಂಬುದನ್ನೂ ಹೇಳಬೇಕು. ಆಧ್ಯಾತ್ಮಿಕ ಸಾಧನೆಗಳ ಪುಸ್ತಕವನ್ನು ಅವರು ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಅದನ್ನು ಒಳ್ಳೆಯ ಲ್ಯಾಟಿನ್‌ಗೆ ತಂದವರು ಸಭೆಯ ಇನ್ನೊಬ್ಬ ಸದಸ್ಯರಾದ ಆಂದ್ರೆ ದೆ ಫ್ರೂ. ಆ ಅನುವಾದಕ್ಕೆ 1548ರಲ್ಲಿ ಪೋಪ್ ಮೂರನೇ ಪೌಲರ ಅನುಮೋದನೆ ದೊರೆಯಿತು. ಪತ್ರವ್ಯವಹಾರಕ್ಕೆ 1547ರಿಂದ ಹುವಾನ್ ಪೊಲಾಂಕೊ ಎಂಬ ಸಮರ್ಥ ಕಾರ್ಯದರ್ಶಿ ಇದ್ದರು. ತನಗಿಂತ ಚೆನ್ನಾಗಿ ಬಲ್ಲವರ ಕೈಗೆ ಕೆಲಸ ಕೊಡಲು ಅವರಿಗೆ ಹಿಂಜರಿಕೆ ಇರಲಿಲ್ಲ. ತಡವಾಗಿ ಕಲಿತ ಭಾಷೆ ಮನೆಮಾತಿನಷ್ಟು ಸಲೀಸಾಗಿ ಬರಲಿಕ್ಕಿಲ್ಲ. ಯಾವ ಕೆಲಸಕ್ಕೆ ಬೇಕೋ ಆ ಕೆಲಸಕ್ಕೆ ಸಾಕಾಗುವಷ್ಟು ಬಂದರೆ ಅದು ಸೋಲಲ್ಲ.

1556ರ ಜುಲೈ 31ರ ಬೆಳಗ್ಗೆ ರೋಮಿನಲ್ಲಿ ಅವರು ದೈವಾಧೀನರಾದರು. ಆಗ ಸಭೆಯಲ್ಲಿ ಸುಮಾರು ಸಾವಿರ ಸದಸ್ಯರಿದ್ದರು, ಮೂವತ್ತಕ್ಕೂ ಹೆಚ್ಚು ಕಾಲೇಜುಗಳಿದ್ದವು. 1622ರ ಮಾರ್ಚ್ 12ರಂದು ಫ್ರಾನ್ಸಿಸ್ ಕ್ಸೇವಿಯರ್ ಅವರ ಜೊತೆಯಲ್ಲಿಯೇ ಅವರನ್ನು ಸಂತರೆಂದು ಘೋಷಿಸಲಾಯಿತು.

ಪ್ರಿಯ ಓದುಗರೇ, ನಮ್ಮ ಚರ್ಚುಗಳಲ್ಲಿ ಹೊಸ ಭಾಷೆಯೊಂದಿಗೆ ಹೆಣಗುತ್ತಿರುವವರು ಇದ್ದೇ ಇರುತ್ತಾರೆ. ಪಿಯುಸಿಯ ಮೊದಲ ತಿಂಗಳುಗಳಲ್ಲಿ ಹಿಂದೆ ಬಿದ್ದ ಹುಡುಗನಿರಬಹುದು, ತಡೆದು ತಡೆದು ಕನ್ನಡದಲ್ಲಿ ವಾಚನ ಓದುವ ಹೊಸ ಸಿಸ್ಟರ್ ಇರಬಹುದು. ಅವರ ಉಚ್ಚಾರಣೆ ಕೇಳಿ ನಗುವುದು ಸುಲಭ. ವಾರಕ್ಕೆ ಎರಡು ದಿನ ಕುಳಿತು ಹೇಳಿಕೊಡುವ ಒಬ್ಬ ಅರ್ದೆವೊಲ್ ಮಾಸ್ತರರು, ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ವಿವರಿಸುವ ಒಬ್ಬ ಪೀಟರ್ ಫಾವ್ರ್ ನಮ್ಮ ವಾರ್ಡಿನಲ್ಲಿ ಸಿಕ್ಕರೆ ಅವರ ದಾರಿ ಎಷ್ಟೋ ಹಗುರವಾದೀತು. ನಿವೃತ್ತ ಶಿಕ್ಷಕರು ನಮ್ಮಲ್ಲಿ ಕಡಿಮೆ ಇಲ್ಲ. ಕಲಿಯುವವರಿಗೆ ನಮ್ಮ ಮಾತು ಇಷ್ಟೇ: ಅಡಿಪಾಯ ಸಡಿಲವೆಂದು ತಿಳಿದರೆ ನಾಚದೆ ಮೊದಲ ಪುಟಕ್ಕೆ ಹಿಂತಿರುಗಿ. ಸಂತ ಇಗ್ನೇಷಿಯಸ್ ಅವರೂ ಹಿಂತಿರುಗಿದ್ದರು.